ಕರೆ ಬಂದಾಗ ನಿಲ್ಲಿಸಬಲ್ಲಿರಾ?

ಅಲ್ಲಾಹನು ಮನುಷ್ಯರಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ಸಂಪತ್ತು ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಆರೋಗ್ಯ, ಬುದ್ಧಿಶಕ್ತಿಗಳೂ ಹಾಗೆಯೇ. ಆದರೆ ದಿನದ 24 ಗಂಟೆ ಮಾತ್ರ ಬಡವನಿಗೂ ಬಲ್ಲಿದನಿಗೂ ಒಂದೇ. ಪವಿತ್ರ ಕುರ್‌ಆನಿನ ಅತಿ ಚಿಕ್ಕ ಅಧ್ಯಾಯಗಳಲ್ಲೊಂದಾದ ‘ಅಲ್ ಅಸ್ರ್’ ಈ ಕಾಲದ ಆಣೆಯಿಂದಲೇ ಆರಂಭವಾಗುತ್ತದೆ. ಸತ್ಯವಿಶ್ವಾಸವೂ ಸತ್ಕರ್ಮವೂ ಇಲ್ಲದೆ ಕಾಲ ಕಳೆಯುವವನು ನಷ್ಟದಲ್ಲಿದ್ದಾನೆಂದು ಅದು ಎಚ್ಚರಿಸುತ್ತದೆ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳ ಜನರು ಮೋಸಹೋಗುತ್ತಾರೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಇಮಾಮ್ ಬುಖಾರಿ(ರ) ವರದಿ ಮಾಡಿದ್ದಾರೆ. ಅಲ್ಲಿ ಬಳಕೆಯಾಗಿರುವ ‘ಮಗ್ಬೂನ್’ ಎಂಬ ಪದ ವ್ಯಾಪಾರದ ಪದ. ಬೆಲೆಬಾಳುವ ಸರಕನ್ನು ಅಗ್ಗಕ್ಕೆ ಮಾರಿ ಬರಿಗೈಯಲ್ಲಿ ಮನೆಗೆ ಹೋಗುವವನು ಮಗ್ಬೂನ್. ಬಿಡುವು ಒಂದು ಸರಕು. ಅದನ್ನು ಯಾರಿಗೆ, ಯಾವ ಬೆಲೆಗೆ ಮಾರುತ್ತಿದ್ದೇವೆ ಎಂಬುದೇ ಪ್ರಶ್ನೆ.

ಇಂದು ನಮ್ಮ ಮಕ್ಕಳ ಮತ್ತು ಯುವಕರ ಬಿಡುವಿನ ಬಹುಪಾಲನ್ನು ಕೊಂಡುಕೊಳ್ಳುತ್ತಿರುವುದು ಮೊಬೈಲ್ ಆಟ. ಕಂಕನಾಡಿಯ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತು ನೋಡಿರಿ. ಫೋನನ್ನು ನೆಟ್ಟಗೆ ಹಿಡಿದವನು ಓದುತ್ತಿರಬಹುದು, ಮಾತನಾಡುತ್ತಿರಬಹುದು. ಅಡ್ಡ ಹಿಡಿದು ಎರಡು ಹೆಬ್ಬೆರಳುಗಳನ್ನು ಆಡಿಸುತ್ತಿದ್ದರೆ ಅವನು ಆಟದಲ್ಲಿದ್ದಾನೆ. ಅವನ ಬಸ್ಸು ಬಂದು ಹೋದರೂ ಅವನಿಗೆ ತಿಳಿಯದು. ಅಲ್ಲೇ ಹತ್ತಿರದಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯಿದೆ. ರೋಗಿಯ ಕೊಠಡಿಯ ಹೊರಗೆ ಕಾಯುತ್ತಾ ಕುಳಿತವರನ್ನು ಕೇಳಿದರೆ ಒಂದು ಗಂಟೆಯ ಬೆಲೆ ಏನೆಂದು ಅವರು ಹೇಳಿಯಾರು. ಒಂದೇ ಊರು, ಒಂದೇ ಗಂಟೆ. ಒಬ್ಬನಿಗೆ ಅದು ಕಳೆಯಬೇಕಾದದ್ದು, ಇನ್ನೊಬ್ಬನಿಗೆ ಬೇಡಿ ಪಡೆಯಬೇಕಾದದ್ದು.

ಅಭಿಮಾನಿಯ ಮಾತು

ಈ ವಿಷಯದಲ್ಲಿ ಹಿರಿಯರು ಮಾತನಾಡುವುದೇ ಹೆಚ್ಚು, ಕೇಳುವುದು ಕಡಿಮೆ. ಆದುದರಿಂದ ಮೊದಲು ಆಡುವವನ ಮಾತನ್ನೇ ಕೇಳೋಣ. ಹಿಂದೆ ಮದ್ರಸದಲ್ಲಿ ನನ್ನ ತರಗತಿಯಲ್ಲಿ ಕಲಿತು ಈಗ ಕಾಲೇಜಿಗೆ ಹೋಗುವ ಕಂಕನಾಡಿಯ ಯುವಕನೊಬ್ಬನಿದ್ದಾನೆ. ತಾನು ಗೇಮ್‌ಗಳ ಅಭಿಮಾನಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ನಡತೆಯಲ್ಲಿ ಕೆಟ್ಟವನಲ್ಲ, ಮನೆಗೆ ಸಾಮಾನು ತಂದುಕೊಡುವವನೂ ಅವನೇ. ಒಂದು ದಿನ ಅಸ್ರ್ ನಮಾಝಿನ ಬಳಿಕ ನಾವಿಬ್ಬರೂ ಮಸೀದಿಯ ಜಗಲಿಯಲ್ಲಿ ಕುಳಿತು ಇದೇ ವಿಷಯ ಮಾತನಾಡಿದೆವು.

“ಉಸ್ತಾದ್, ನೀವೆಲ್ಲ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೀರಿ. ಅಲ್ಲೇ ನಮಗೆ ಬೇಸರ” ಎಂದು ಆತ ಆರಂಭಿಸಿದ. “ಮೈನ್‌ಕ್ರಾಫ್ಟ್‌ನಲ್ಲಿ ಹುಡುಗರು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುತ್ತಾರೆ, ಮಸೀದಿಯನ್ನೂ ಕಟ್ಟುತ್ತಾರೆ. ಫುಟ್‌ಬಾಲ್ ಆಟ ಬೇರೆ, ಚೆಸ್ ಬೇರೆ, ಬಂದೂಕಿನ ಆಟ ಬೇರೆ. ಹಣ ಕಟ್ಟಿ ಆಡುವ ರಮ್ಮಿಯನ್ನು ನಾವು ಆಟವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.”

ಅವನ ಎರಡನೆಯ ಮಾತು ಸ್ನೇಹದ ಬಗ್ಗೆ. “ನಮ್ಮ ತಂಡದಲ್ಲಿ ನಾಲ್ವರು. ಒಬ್ಬ ದುಬೈಯಲ್ಲಿ, ಒಬ್ಬ ಜುಬೈಲ್‌ನಲ್ಲಿ, ಇಬ್ಬರು ಇಲ್ಲಿ. ರಾತ್ರಿ ಆಟಕ್ಕೆ ಸೇರಿದಾಗ ಊರಿನ ಸುದ್ದಿಯನ್ನೂ ಮಾತನಾಡುತ್ತೇವೆ. ಆಟ ಇಲ್ಲದಿದ್ದರೆ ನಾವು ಒಬ್ಬರಿಗೊಬ್ಬರು ಫೋನ್ ಮಾಡುತ್ತಿದ್ದೆವೋ ಇಲ್ಲವೋ.” ಮೂರನೆಯದಾಗಿ, “ಗೇಮ್ ಆಡಿದವನೆಲ್ಲ ಜಗಳಗಂಟನಾಗುವುದಾದರೆ ದೇಶದಲ್ಲಿ ಕೋಟಿಗಟ್ಟಲೆ ಜಗಳಗಂಟರಿರಬೇಕಿತ್ತು. ಸಿಗರೇಟು, ಗಾಂಜಾಗಳಿಂದ ದೂರವಿದ್ದು ಮನೆಯಲ್ಲೇ ಕುಳಿತಿರುವುದು ತಪ್ಪೇ?” ಎಂದು ಕೇಳಿದ.

ಈ ಮಾತುಗಳಲ್ಲಿ ಸತ್ಯಾಂಶವಿದೆ. ಅದನ್ನು ಒಪ್ಪಿಕೊಳ್ಳದೆ ನಾವು ಉಪದೇಶಕ್ಕೆ ಇಳಿದರೆ ಯುವಕರು ನಮ್ಮ ಮುಂದೆ ತಲೆಯಾಡಿಸಿ ಹಿಂದಿನಿಂದ ನಕ್ಕಾರು. ತನಗೆ ಹಿಡಿಸದ್ದೇನೆಂಬುದನ್ನೂ ಆತ ಬಚ್ಚಿಡಲಿಲ್ಲ. ಮೈಕಿನಲ್ಲಿ ಕೇಳಿಬರುವ ಹೊಲಸು ಬೈಗುಳ, ಮೋಸದ ಸಾಫ್ಟ್‌ವೇರ್ ಹಾಕಿ ಗೆಲ್ಲುವವರು, ಹತ್ತು ಹನ್ನೊಂದು ವರ್ಷದ ಮಕ್ಕಳು ರಾತ್ರಿ ಒಂದು ಗಂಟೆಗೆ ಆಟದಲ್ಲಿರುವುದು, ಹೆಜ್ಜೆ ಹೆಜ್ಜೆಗೂ ಹಣ ಕೇಳುವ ಕಂಪನಿಗಳು. ಇವೆಲ್ಲದರ ಬಗ್ಗೆ ಅವನಿಗೆ ನನಗಿಂತ ಹೆಚ್ಚು ಸಿಟ್ಟಿದೆ.

ಆಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ: “ಮಗನೇ, ಆಟದ ನಡುವೆ ಬಾಂಗ್ ಕೇಳಿದರೆ ಏನು ಮಾಡುತ್ತೀಯಾ?”

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅದೇ ಉಸ್ತಾದ್ ಕಷ್ಟ. ಆನ್‌ಲೈನ್ ಆಟದಲ್ಲಿ ನಿಲ್ಲಿಸುವ ಗುಂಡಿ ಇಲ್ಲ” ಎಂದ.

ಪ್ರಿಯರೇ, ನನ್ನ ಮಟ್ಟಿಗೆ ಈ ಇಡೀ ವಿಷಯದ ಬೀಗದಕೈ ಈ ಉತ್ತರದಲ್ಲಿದೆ.

ಇಸ್ಲಾಮಿನಲ್ಲಿ ಆಟ

ಇಸ್ಲಾಮ್ ನಗುವನ್ನೂ ವಿನೋದವನ್ನೂ ಬಹಿಷ್ಕರಿಸಿದ ಧರ್ಮವಲ್ಲ. ಒಂದು ಹಬ್ಬದ ದಿನ ಅಬಿಸೀನಿಯಾದವರು ಮದೀನದ ಮಸೀದಿಯಲ್ಲೇ ಈಟಿಯ ಆಟ ಆಡಿದಾಗ ಪ್ರವಾದಿವರ್ಯರು(ಸ) ತಡೆಯಲಿಲ್ಲ. ಹಝ್ರತ್ ಆಯಿಶಾ(ರ)ರಿಗೆ ಸಾಕೆನಿಸುವ ತನಕ ಅದನ್ನು ನೋಡಲು ಅವಕಾಶ ಮಾಡಿಕೊಟ್ಟು ಜೊತೆಗೆ ನಿಂತರು. ಆಯಿಶಾ(ರ)ರೊಡನೆ ಅವರು ಓಟದ ಪಂದ್ಯ ಮಾಡಿದ ವೃತ್ತಾಂತ ಅಬೂದಾವೂದ್‌ನಲ್ಲಿದೆ. ಒಮ್ಮೆ ಆಯಿಶಾ(ರ) ಗೆದ್ದರು, ವರ್ಷಗಳ ಬಳಿಕ ಪ್ರವಾದಿವರ್ಯರು(ಸ) ಗೆದ್ದು ಅದನ್ನು ನೆನಪಿಸಿ ನಕ್ಕರು. ಆಟವೇ ಪಾಪವಾಗಿದ್ದರೆ ಈ ಚಿತ್ರಗಳು ನಮಗೆ ಸಿಗುತ್ತಿರಲಿಲ್ಲ.

ಕರಾವಳಿಯ ನಮ್ಮಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬನ್ನು ಅನುಸರಿಸುವವರು. ಕುಳಿತು ಆಡುವ ಆಟಗಳ ವಿಷಯದಲ್ಲಿ ನಮ್ಮ ಇಮಾಮರು ನೂರಾರು ವರ್ಷಗಳ ಹಿಂದೆಯೇ ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಚದುರಂಗ ನಮ್ಮ ಮದ್‌ಹಬಿನಲ್ಲಿ ಮಕ್ರೂಹ್. ಅಂದರೆ ಮೆಚ್ಚತಕ್ಕದ್ದಲ್ಲ, ಆದರೆ ಹರಾಮಲ್ಲ ಎಂದು ಇಮಾಮ್ ನವವಿ(ರ) ದಾಖಲಿಸಿದ್ದಾರೆ. ಆದರೆ ಅದರಲ್ಲಿ ಪಣದ ಹಣ ಸೇರಿದರೆ ಅಥವಾ ಅದರಿಂದ ನಮಾಝಿನ ಸಮಯ ತಪ್ಪಿದರೆ ಅದೇ ಚದುರಂಗ ಹರಾಮಾಗುತ್ತದೆ. ದಾಳ ಉರುಳಿಸಿ ಆಡುವ ‘ನರ್ದ್’ ಎಂಬ ಆಟವನ್ನಾದರೋ ಸಹೀಹ್ ಮುಸ್ಲಿಮಿನ ಹದೀಸ್ ಕಠಿಣವಾಗಿ ಖಂಡಿಸಿದೆ. ಇವೆರಡರ ವ್ಯತ್ಯಾಸಕ್ಕೆ ಶಾಫಿಈ ಗ್ರಂಥಗಳು ಕೊಡುವ ಕಾರಣ ಗಮನಾರ್ಹ. ಚದುರಂಗ ನಿಂತಿರುವುದು ಲೆಕ್ಕಾಚಾರ ಮತ್ತು ಆಲೋಚನೆಯ ಮೇಲೆ. ನರ್ದ್ ನಿಂತಿರುವುದು ದಾಳ ಏನು ಬೀಳುತ್ತದೆಂಬ ಊಹೆಯ ಮೇಲೆ.

ಹೀಗೆ ನಮ್ಮ ಇಮಾಮರು ಆಟದ ಹೆಸರನ್ನು ನೋಡಿ ತೀರ್ಪು ಕೊಡಲಿಲ್ಲ. ಅದು ಯಾವುದರ ಮೇಲೆ ನಿಂತಿದೆ, ಅದರಲ್ಲಿ ಹಣದ ಪಣವಿದೆಯೇ, ಅದು ನಮಾಝಿಗೆ ಅಡ್ಡ ಬರುತ್ತದೆಯೇ ಎಂದು ನೋಡಿದರು. ನಮ್ಮ ಯುವಕನ ಮೊದಲ ಆಕ್ಷೇಪಕ್ಕೆ ಇದೇ ಉತ್ತರ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಸರಿ. ಆದರೆ ಪ್ರತಿಯೊಂದು ಆಟವೂ ತಕ್ಕಡಿಗೆ ಏರಲೇಬೇಕು.

ನಿಲ್ಲಿಸಲಾಗದ ಅರ್ಧ ಗಂಟೆ

ನಾವು ಚಿಕ್ಕವರಿದ್ದಾಗ ನೋಕಿಯಾ ಫೋನಿನಲ್ಲಿ ಹಾವಿನ ಆಟವಿತ್ತು. ನಿಲ್ಲಿಸಿದರೆ ಹಾವು ಇದ್ದಲ್ಲೇ ನಿಲ್ಲುತ್ತಿತ್ತು. ಯಾರಾದರೂ ಫೋನ್ ಮಾಡಿದರೆ ಆಟ ತಾನಾಗಿ ಬದಿಗೆ ಸರಿಯುತ್ತಿತ್ತು. ಈಗಿನ ಆಟಗಳ ರಚನೆ ಬೇರೆ. ಪಬ್‌ಜಿ ಎಂದು ಹೆಸರಾದ ಆಟ, ಮತ್ತು ಅದನ್ನು ಭಾರತ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ ಮೇಲೆ 2021ರ ಜುಲೈಯಲ್ಲಿ ಬಂದ ಅದರ ಭಾರತೀಯ ರೂಪ ಬಿಜಿಎಂಐ, ಇವುಗಳಲ್ಲಿ ನೂರರ ತನಕ ಆಟಗಾರರು ಒಟ್ಟಿಗೆ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೊನೆಗೆ ಉಳಿದವನೇ ವಿಜಯಿ. ಪೂರ್ತಿ ಆಡಿದರೆ ಒಂದು ಪಂದ್ಯಕ್ಕೆ ಸುಮಾರು ಅರ್ಧ ಗಂಟೆ. ನಡುವೆ ಎದ್ದು ಹೋದರೆ ಆಟ ಕಾಯುವುದಿಲ್ಲ. ನಿಮ್ಮ ಆಟಗಾರ ಅಲ್ಲೇ ನಿಂತಿರುತ್ತಾನೆ, ಯಾರೋ ಹೊಡೆದುರುಳಿಸುತ್ತಾರೆ, ಜೊತೆಗಿರುವ ಮೂವರು ಬೈಯುತ್ತಾರೆ.

ನಮ್ಮ ಊರಿನಲ್ಲಿ ಮಗ್ರಿಬ್‌ನಿಂದ ಇಶಾ ತನಕ ಇರುವುದು ಸುಮಾರು ಒಂದೂಕಾಲು ಗಂಟೆ. ಬಾಂಗ್ ಕೇಳಿದಾಗ ಪಂದ್ಯ ಈಗಷ್ಟೇ ಆರಂಭವಾಗಿದೆ. ಮುಗಿಸಿ ಏಳೋಣವೆಂದು ಅರ್ಧ ಗಂಟೆ. ಸೋತೆವು, ಇದೊಂದು ಆಡಿ ಏಳೋಣವೆಂದು ಇನ್ನರ್ಧ ಗಂಟೆ. ಹೀಗೆ ಎರಡು ಪಂದ್ಯಗಳಲ್ಲಿ ಮಗ್ರಿಬ್ ಕೈಜಾರಿರುತ್ತದೆ. ನಮಾಝ್ ಬೇಡವೆಂದು ಆ ಹುಡುಗ ನಿರ್ಧರಿಸಿರಲಿಲ್ಲ. ಬಿಡುತ್ತೇನೆಂದು ಅವನು ಹೇಳಲೂ ಇಲ್ಲ. ‘ಇದು ಮುಗಿಯಲಿ’ ಎಂದಷ್ಟೇ ಹೇಳಿದ. ಇಬ್ಲೀಸನಿಗೆ ಅಷ್ಟು ಸಾಕು.

ಸೂರಃ ಜುಮುಅಃದ ಕೊನೆಯ ವಚನದ ಹಿನ್ನೆಲೆಯನ್ನು ನೆನಪಿಸಿಕೊಳ್ಳಿರಿ. ಪ್ರವಾದಿವರ್ಯರು(ಸ) ಜುಮುಅಃದಲ್ಲಿದ್ದಾಗ ಆಹಾರ ಸಾಮಗ್ರಿ ಹೊತ್ತ ವ್ಯಾಪಾರಿ ತಂಡವೊಂದು ಮದೀನಕ್ಕೆ ಬಂತು. ಜನರು ಅತ್ತ ಧಾವಿಸಿದರು. ಉಳಿದದ್ದು ಹನ್ನೆರಡು ಮಂದಿ ಮಾತ್ರವೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಪ್ರವಾದಿಯವರನ್ನು ನಿಂತಲ್ಲೇ ಬಿಟ್ಟು ವ್ಯಾಪಾರ ವಿನೋದಗಳತ್ತ ಚದುರಿ ಹೋದುದನ್ನು ಕುರ್‌ಆನ್ ಪ್ರಸ್ತಾಪಿಸಿ, ಅಲ್ಲಾಹನ ಬಳಿ ಇರುವುದು ಅವೆರಡಕ್ಕಿಂತಲೂ ಉತ್ತಮವೆಂದು ತಿಳಿಸುತ್ತದೆ. ಇಲ್ಲಿ ವ್ಯಾಪಾರದ ಜೊತೆಗೆ ವಿನೋದವನ್ನೂ ಹೆಸರಿಸಲಾಗಿದೆ ಎಂಬುದನ್ನು ಮರೆಯದಿರಿ. ವ್ಯಾಪಾರ ಹಲಾಲ್. ಆದರೆ ಕರೆ ಬಂದಾಗ ಬಿಡಲಾಗದಿದ್ದರೆ ಹಲಾಲಾದ ವ್ಯಾಪಾರವೂ ದೂರಿಗೆ ಒಳಗಾಗುತ್ತದೆ. ಹಾಗಿರುವಾಗ ಆಟದ ಸ್ಥಾನವೇನು?

ನಮಾಝಿನ ಕರೆಯ ಹಾಗೆಯೇ ಇನ್ನೊಂದು ಕರೆಯಿದೆ. ಅದು ತಾಯಿಯ ಕರೆ. ಬನೀ ಇಸ್ರಾಈಲರ ಜುರೈಜ್ ಎಂಬ ಆರಾಧಕನ ಕಥೆ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಆತ ನಮಾಝಿನಲ್ಲಿದ್ದಾಗ ತಾಯಿ ಬಂದು ಕರೆದಳು. ನಮಾಝೋ ತಾಯಿಯೋ ಎಂದು ಮನಸ್ಸಿನಲ್ಲೇ ತೂಗಿ ಆತ ನಮಾಝನ್ನು ಮುಂದುವರಿಸಿದ. ಮತ್ತೆ ಮತ್ತೆ ಕರೆದರೂ ಓಗೊಡದಿದ್ದಾಗ ತಾಯಿ ಮನನೊಂದು ಪ್ರಾರ್ಥಿಸಿದಳು. ಆ ಪ್ರಾರ್ಥನೆ ಫಲಿಸಿ ಆತ ದೊಡ್ಡ ಅಪವಾದಕ್ಕೆ ಗುರಿಯಾದ. ಕೊನೆಗೆ ಅಲ್ಲಾಹನೇ ಅವನನ್ನು ಪಾರುಮಾಡಿದ. ಆತ ಐಚ್ಛಿಕ ನಮಾಝಿನಲ್ಲಿದ್ದುದರಿಂದ ತಾಯಿಗೆ ಓಗೊಡುವುದೇ ಸರಿಯಾಗಿತ್ತೆಂದು ವಿದ್ವಾಂಸರು ವಿವರಿಸಿದ್ದಾರೆ. ಯುವಕರೇ, ನಮಾಝಿನಲ್ಲಿದ್ದವನಿಗೇ ತಾಯಿಯ ಕರೆ ಇಷ್ಟು ಭಾರವಾದರೆ, ಕಿವಿಗೆ ಇಯರ್‌ಫೋನ್ ಹಾಕಿ ದ್ವೀಪದಲ್ಲಿ ಗುಂಡು ಹಾರಿಸುತ್ತಿರುವವನಿಗೆ? ಅಡಿಗೆಮನೆಯಿಂದ ಉಮ್ಮ ಮೂರು ಬಾರಿ ಕರೆದು ನಾಲ್ಕನೆಯ ಬಾರಿ ಕರೆಯದೆ ತಾವೇ ಎದ್ದು ಹೋಗಿ ಗ್ಯಾಸ್ ಸಿಲಿಂಡರ್ ಸರಿಸುವ ಮನೆಗಳು ನಮ್ಮ ನಡುವೆ ಎಷ್ಟಿವೆ! ನಾಲ್ಕನೆಯ ಬಾರಿ ಕರೆಯದ ಆ ಮೌನಕ್ಕೆ ನಾವು ಹೆದರಬೇಕು.

ಮುಗಿಯದ ಆಟ

ನಮ್ಮ ಅಭಿಮಾನಿ ಯುವಕ ಇನ್ನೊಂದು ಒಳ್ಳೆಯ ಮಾತು ಹೇಳಿದ. “ಹಳೆಯ ಆಟಗಳಿಗೆ ಕೊನೆ ಎಂಬುದಿತ್ತು ಉಸ್ತಾದ್. ಎಲ್ಲ ಹಂತ ದಾಟಿದರೆ ಮುಗಿಯಿತು. ಈಗಿನ ಆಟ ಮುಗಿಯುವುದೇ ಇಲ್ಲ. ಒಂದು ಸೀಸನ್ ಮುಗಿದರೆ ಇನ್ನೊಂದು. ದಿನಾ ಒಮ್ಮೆ ತೆರೆದರೆ ಒಂದು ಉಡುಗೊರೆ. ಒಂದು ದಿನ ತಪ್ಪಿದರೆ ಸರಣಿ ತುಂಡಾಗುತ್ತದೆ.”

ಈ ಮಾತನ್ನು ಕೇಳಿ ನಾನು ಬೆರಗಾದೆ. ಸ್ವಲ್ಪವಾದರೂ ಸರಿ, ಬಿಡದೆ ದಿನವೂ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಮನುಷ್ಯನ ಸ್ವಭಾವವನ್ನು ಬಲ್ಲ ಈ ಪಾಠವನ್ನು ನಾವು ಮರೆತೆವು, ಆಟ ಮಾರುವವರು ಕಂಡುಕೊಂಡರು. ದಿನಕ್ಕೆ ಐದು ನಿಮಿಷ ಬಾ, ಸಾಕು ಎಂದರು. ಐದು ನಿಮಿಷಕ್ಕೆ ಬಂದವನು ಎರಡು ಗಂಟೆ ಉಳಿಯುತ್ತಾನೆಂದು ಅವರಿಗೆ ಗೊತ್ತಿದೆ. ಆಟದ ಸರಣಿ ತುಂಡಾಗುವುದೆಂದು ಜ್ವರವಿದ್ದರೂ ಫೋನ್ ತೆರೆಯುವ ಹುಡುಗನಿಗೆ ಸುಬ್ಹ್ ನಮಾಝಿನ ಸರಣಿ ತುಂಡಾಗಿ ಎಷ್ಟು ದಿನಗಳಾದವೆಂಬ ಲೆಕ್ಕವಿದೆಯೇ?

ಲೆಕ್ಕದ ಮಾತು ಬಂದುದರಿಂದ ಒಂದು ಸಣ್ಣ ಲೆಕ್ಕ ಮಾಡೋಣ. ಬಿಜಿಎಂಐ ಮತ್ತೆ ತಡೆಹಿಡಿಯಲ್ಪಟ್ಟು 2023ರಲ್ಲಿ ಮರಳಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯನ್ನು ಇಡಲಾಯಿತು. ಮಿತಿಯೇ ಮೂರು ಗಂಟೆ! ದಿನಕ್ಕೆ 3 ಗಂಟೆಯಂತೆ ವರ್ಷಕ್ಕೆ 1095 ಗಂಟೆ. ಹಗಲು ರಾತ್ರಿ ಸೇರಿಸಿ 45 ದಿನಗಳಿಗೂ ಹೆಚ್ಚು. ಐದು ಹೊತ್ತಿನ ನಮಾಝನ್ನು ಸಾವಧಾನವಾಗಿ ಮಾಡಿದರೂ ದಿನಕ್ಕೆ ಒಂದು ಗಂಟೆ ಸಾಕು. ಚೀನಾ ದೇಶವಂತೂ 2021ರಲ್ಲಿ ತನ್ನ ಮಕ್ಕಳಿಗೆ ವಾರಕ್ಕೇ 3 ಗಂಟೆ ಎಂಬ ನಿಯಮ ಮಾಡಿತು. ಧರ್ಮದ ಹಂಗಿಲ್ಲದ ಸರಕಾರಕ್ಕೂ ಮಕ್ಕಳ ಕಾಲದ ಬೆಲೆ ತಿಳಿಯಿತೆಂದ ಮೇಲೆ, ಕಾಲದ ಆಣೆಯ ಸೂರಃವನ್ನು ಬಾಯಿಪಾಠ ಮಾಡಿದ ನಮಗೆ ತಿಳಿಯಬಾರದೇ?

ಪೆಟ್ಟಿಗೆಯೊಳಗಿನ ದಾಳ

ಈ ಆಟಗಳು ಪುಕ್ಕಟೆಯಾಗಿ ಸಿಗುತ್ತವೆ. ಹಾಗಾದರೆ ಕಂಪನಿಗಳಿಗೆ ಆದಾಯ ಎಲ್ಲಿಂದ? ಆಟದೊಳಗಿನ ಉಡುಪು, ಬಂದೂಕಿನ ಬಣ್ಣ ಮೊದಲಾದವನ್ನು ಹಣ ಕೊಟ್ಟು ಕೊಳ್ಳಬೇಕು. ನೇರವಾಗಿ ಕೊಂಡರೆ ಅದು ದುಂದುವೆಚ್ಚದ ಪ್ರಶ್ನೆ. ಆದರೆ ಹಲವು ಆಟಗಳಲ್ಲಿ ಒಂದು ಪೆಟ್ಟಿಗೆಯನ್ನೋ ತಿರುಗುವ ಚಕ್ರವನ್ನೋ ಇಟ್ಟಿರುತ್ತಾರೆ. ಹಣ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಒಳಗೆ ಏನಿದೆಯೆಂಬುದು ತೆರೆದ ಮೇಲೆಯೇ ಗೊತ್ತು. ಬಯಸಿದ ಉಡುಪು ಸಿಗುವ ತನಕ ಮತ್ತೆ ಮತ್ತೆ ಹಣ ಹಾಕುತ್ತಾ ಹೋಗಬೇಕು. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ನಮ್ಮ ಇಮಾಮರು ಚದುರಂಗ ಮತ್ತು ನರ್ದ್‌ಗಳ ನಡುವೆ ಎಳೆದ ಗೆರೆಯನ್ನು ನೆನಪಿಸಿಕೊಂಡರೆ ಇದು ಗೆರೆಯ ಯಾವ ಬದಿಯಲ್ಲಿದೆಯೆಂದು ಮದ್ರಸದ ಮಗುವೂ ಹೇಳೀತು. ಪೆಟ್ಟಿಗೆಯ ಬಣ್ಣ ಹೊಸದು, ಒಳಗಿರುವುದು ಹಳೆಯ ದಾಳ. ಗಲ್ಫಿನ ಬಿಸಿಲಲ್ಲಿ ದುಡಿದು ಬಾಪ ಕಳುಹಿಸಿದ ಹಣ ಈ ದಾಳಕ್ಕೆ ಹೋಗಬೇಕೇ?

ಹಣ ಕಟ್ಟಿ ಆಡುವ ರಮ್ಮಿ, ಲೂಡೋಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ಇವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ರಾಜ್ಯ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ನ್ಯಾಯಾಲಯಗಳಲ್ಲಿ ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವಾದ ನಡೆಯುತ್ತಾ ಬಂದಿದೆ. ಮುಸ್ಲಿಮನಿಗೆ ಈ ವಾದದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಇಬ್ಬರೂ ಹಣವಿಟ್ಟು, ಗೆದ್ದವನು ಸೋತವನ ಹಣವನ್ನು ಒಯ್ಯುವುದಾದರೆ, ಆಟದಲ್ಲಿ ಎಷ್ಟೇ ಕೌಶಲವಿದ್ದರೂ ಅದು ಜೂಜು. ಹುಡುಗರು ತಲಾ ನೂರು ರೂಪಾಯಿ ಪ್ರವೇಶ ಹಣ ಹಾಕಿ, ಆ ಹಣವನ್ನೇ ಗೆದ್ದವರಿಗೆ ಹಂಚುವ ಸಣ್ಣ ಟೂರ್ನಿಗಳೂ ಇದೇ ಸಾಲಿಗೆ ಸೇರುತ್ತವೆ.

ದ್ವೇಷದ ಬಾಗಿಲು

ಮದ್ಯ ಮತ್ತು ಜೂಜನ್ನು ನಿಷೇಧಿಸುವ ಸೂರಃ ಮಾಇದಃದ ವಚನಗಳು ನಿಷೇಧದ ಕಾರಣವನ್ನೂ ಹೇಳುತ್ತವೆ. ಅವುಗಳ ಮೂಲಕ ಶೈತಾನನು ನಿಮ್ಮ ನಡುವೆ ವೈರ ಮತ್ತು ದ್ವೇಷವನ್ನು ಉಂಟುಮಾಡಲು, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ನಿಮ್ಮನ್ನು ತಡೆಯಲು ಬಯಸುತ್ತಾನೆ ಎಂಬುದು ಅದರ ಆಶಯ. ಎರಡು ಗುರುತುಗಳು. ನಮಾಝಿನ ಮಾತನ್ನು ಆಗಲೇ ನೋಡಿದೆವು. ದ್ವೇಷದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ.

2021ರ ಏಪ್ರಿಲ್ ಆರಂಭದಲ್ಲಿ, ಕಂಕನಾಡಿಯಿಂದ ನೇತ್ರಾವತಿ ಸೇತುವೆ ದಾಟಿದರೆ ಸಿಗುವ ಉಳ್ಳಾಲದ ಕಡೆ, 12 ವರ್ಷದ ಬಾಲಕನೊಬ್ಬ ಸಂಜೆ ಮನೆಯಿಂದ ಹೋದವನು ಮರಳಲಿಲ್ಲ. ಮರುದಿನ ಅವನ ಮೃತದೇಹ ಸಿಕ್ಕಿತು. ಪೊಲೀಸರು ಆಗ ತಿಳಿಸಿದ ಪ್ರಕಾರ ಜಗಳದ ಮೂಲ ಮೊಬೈಲ್ ಆಟ. ಆಟದಲ್ಲಿ ಈ ಬಾಲಕನೇ ಯಾವಾಗಲೂ ಗೆಲ್ಲುತ್ತಿದ್ದ. ಅವನ ಪರವಾಗಿ ಬೇರೆ ಯಾರೋ ಆಡುತ್ತಿದ್ದಾರೆಂದು ಇನ್ನೊಬ್ಬನಿಗೆ ಸಂಶಯ. ಎದುರು ಕುಳಿತು ಆಡೋಣವೆಂದು ಸವಾಲು ಬಂತು. ಆಡಿದರು, ಮಾತಿಗೆ ಮಾತು ಬೆಳೆಯಿತು, ಕೈಗೆ ಕಲ್ಲು ಬಂತು. ಆರೋಪಿಯೂ ಪ್ರಾಯಕ್ಕೆ ಬಾರದ ಹುಡುಗನೇ. ಒಂದು ಮನೆಯ ಮಗ ಕಬರಿಗೆ ಹೋದ, ಇನ್ನೊಂದು ಮನೆಯ ಮಗ ಕಾನೂನಿನ ಕೈಗೆ ಹೋದ. ಎರಡೂ ಮನೆಗಳಲ್ಲಿ ಅತ್ತವಳು ತಾಯಿ.

ಆಟ ಆಡಿದವರೆಲ್ಲ ಹೀಗಾಗುವುದಿಲ್ಲ ಎಂದು ನಮ್ಮ ಯುವಕ ಹೇಳಿದ್ದು ನಿಜ. ಇಂಥ ಒಂದು ಘಟನೆಯನ್ನು ಹಿಡಿದು ಫೋನ್ ಹಿಡಿದ ಪ್ರತಿಯೊಬ್ಬ ಹುಡುಗನನ್ನೂ ಸಂಶಯದಿಂದ ನೋಡುವುದು ಅನ್ಯಾಯ. ಗದ್ದೆಯ ಕ್ರಿಕೆಟಿನಲ್ಲೂ ಜಗಳ ನಡೆಯುತ್ತದೆ. ಆದರೆ ಗದ್ದೆಯಲ್ಲಿ ಜಗಳವಾದರೆ ಬಿಡಿಸಲು ದಾರಿಹೋಕ ಕಾಕ ಒಬ್ಬರಿರುತ್ತಾರೆ, ಹೊತ್ತು ಮುಳುಗಿದರೆ ಆಟ ನಿಲ್ಲುತ್ತದೆ, ಬೆವರು ಹರಿದು ಸಿಟ್ಟು ಇಳಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೈಕಿನ ಮೂಲಕ ಬೈಗುಳ ತಿಂದ ಹುಡುಗನ ಸಿಟ್ಟು ಎಲ್ಲಿಗೆ ಹೋಗಬೇಕು? ಅದು ಅವನೊಳಗೇ ಕುಳಿತಿರುತ್ತದೆ. ಊಟಕ್ಕೆ ಕರೆದ ತಂಗಿಯ ಮೇಲೆ ಅವನು ರೇಗಿದಾಗ ಅದರ ಹೊಗೆ ನಮಗೆ ಕಾಣುತ್ತದೆ. ಬಲಶಾಲಿ ಎಂದರೆ ಎದುರಾಳಿಯನ್ನು ನೆಲಕ್ಕೆ ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನು ಎಂಬ ಪ್ರವಾದಿ ಬೋಧನೆಯನ್ನು ಆಟಗಾರರ ಮುಂದಿಡಲು ಇದಕ್ಕಿಂತ ಸರಿಯಾದ ಜಾಗವಿಲ್ಲ.

ತಂದೆ ತಾಯಂದಿರೊಡನೆ

ಈಗ ಮನೆಯ ಹಿರಿಯರೊಡನೆ ಎರಡು ಮಾತು. ಮಕ್ಕಳ ಕೈಗೆ ಈ ಫೋನ್ ಆಕಾಶದಿಂದ ಬೀಳಲಿಲ್ಲ. ತುತ್ತು ತಿನ್ನಿಸಲು ಎರಡು ವರ್ಷದ ಮಗುವಿನ ಮುಂದೆ ಫೋನ್ ಇಟ್ಟವರು ನಾವು. 2020ರ ಲಾಕ್‌ಡೌನ್‌ನಲ್ಲಿ ಶಾಲೆಯ ಪಾಠವೂ ಮದ್ರಸದ ಪಾಠವೂ ಫೋನಿಗೆ ಬಂದಾಗ ಸಾಲ ಮಾಡಿ ಫೋನ್ ಕೊಡಿಸಿದೆವು, ಅದು ಅನಿವಾರ್ಯವಾಗಿತ್ತು. ಶಾಲೆ ತೆರೆದ ಮೇಲೆ ಆ ಫೋನನ್ನು ವಾಪಸು ಕೇಳಿದವರು ಎಷ್ಟು ಮಂದಿ? ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಬಗ್ಗೆ ಪ್ರತಿಯೊಬ್ಬನಲ್ಲೂ ಪ್ರಶ್ನಿಸಲಾಗುವುದೆಂಬ ಹದೀಸನ್ನು ನಾವು ಮುಖಂಡರಿಗೆ ಓದಿ ಹೇಳುತ್ತೇವೆ. ಅದು ನಮ್ಮ ನಡುಕೋಣೆಗೂ ಅನ್ವಯಿಸುತ್ತದೆ.

ಮಗ ಆಡುತ್ತಿರುವಾಗ ಫೋನನ್ನು ಕಸಿದು ನೆಲಕ್ಕೆ ಅಪ್ಪಳಿಸುವುದು ತರಬೇತಿಯಲ್ಲ. ಅವನೊಡನೆ ಕುಳಿತು ಯಾವ ಆಟ, ಯಾರ ಜೊತೆ, ಎಷ್ಟು ಹಣ ಎಂದು ಕೇಳಿರಿ. ಮನೆಗೆ ಒಂದು ನಿಯಮ ಮಾಡಿರಿ: ಮಗ್ರಿಬ್‌ನಿಂದ ಇಶಾ ತನಕ ಯಾರ ಕೈಯಲ್ಲೂ ಫೋನ್ ಬೇಡ. ಇಶಾ ಬಳಿಕ ಅನಗತ್ಯ ಮಾತುಕತೆಯನ್ನೇ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಆದುದರಿಂದ ಮಲಗುವಾಗ ಎಲ್ಲರ ಫೋನೂ ನಡುಕೋಣೆಯಲ್ಲಿ ಚಾರ್ಜಿಗೆ ಇರಲಿ. ‘ಎಲ್ಲರ’ ಎಂದರೆ ಬಾಪನದ್ದೂ ಸೇರಿ. ಮಗನಿಗೆ ಆಟ ಬೇಡವೆಂದು ಹೇಳಿ ತಾನು ಮಧ್ಯರಾತ್ರಿ ತನಕ ವಿಡಿಯೋ ಸರಿಸುತ್ತಾ ಕುಳಿತ ತಂದೆಯ ಮಾತು ಮಗನ ಕಿವಿಯ ತನಕವೂ ಹೋಗದು. ಆಟ ಬೇಡವೆಂದ ಮೇಲೆ ಬೇರೇನನ್ನಾದರೂ ಕೊಡಬೇಕು. ವಾರಕ್ಕೊಮ್ಮೆ ಮಕ್ಕಳನ್ನು ಸಮುದ್ರ ತೀರಕ್ಕೆ ಕರೆದೊಯ್ಯಿರಿ, ಚೆಂಡಾಟಕ್ಕೆ ಬಿಡಿರಿ, ಅಜ್ಜಿಮನೆಗೆ ಕಳುಹಿಸಿರಿ.

ಕೆಲವರಲ್ಲಿ ಇದು ರೋಗದ ಹಂತಕ್ಕೆ ಹೋಗುವುದುಂಟು. ಆಟದ ಮೇಲೆ ಹತೋಟಿ ತಪ್ಪುವುದು, ಊಟ ನಿದ್ರೆ ಕಲಿಕೆಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾದರೂ ಬಿಡಲಾಗದಿರುವುದು, ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಷ್ಟು ಮುಂದುವರಿಯುವುದು ಅದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಿತು. ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನು ಇಳಿಸಿದ್ದಾನೆಂದು ನಂಬುವವರು ನಾವು. ಮಗನ ಹಟವನ್ನು ಬರಿಯ ಶೈತಾನನ ಕಾಟವೆಂದು ನೂಲು ಕಟ್ಟಿಸಿ ಸುಮ್ಮನಿರಬೇಡಿ. ಪ್ರಾರ್ಥನೆಯೊಂದಿಗೆ ವೈದ್ಯರನ್ನೂ ಕಾಣಿರಿ. ಅದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ.

ಯುವಕರೊಡನೆ

ಪ್ರೀತಿಯ ಯುವಕರೇ, ನಿಮ್ಮ ಆಟದ ಬಗ್ಗೆ ತೀರ್ಪು ಕೊಡುವ ಕೆಲಸವನ್ನು ನಾನು ನಿಮಗೇ ಒಪ್ಪಿಸುತ್ತೇನೆ. ಒಂದು ವಾರ ಪರೀಕ್ಷೆ ಮಾಡಿ ನೋಡಿರಿ. ಬಾಂಗ್ ಕೇಳಿದ ಕೂಡಲೇ, ಪಂದ್ಯ ಯಾವ ಹಂತದಲ್ಲೇ ಇರಲಿ, ಫೋನನ್ನು ಬೋರಲು ಹಾಕಿ ಏಳಿರಿ. ಉಮ್ಮ ಮೊದಲ ಬಾರಿ ಕರೆದಾಗಲೇ ಓಗೊಡಿರಿ. ಅದಕ್ಕಿಂತ ಮೇಲು, ನಮಾಝಿಗೆ ಅರ್ಧ ಗಂಟೆ ಇರುವಾಗ ಹೊಸ ಪಂದ್ಯಕ್ಕೆ ಇಳಿಯಲೇಬೇಡಿ. ತಂಡದವರನ್ನು ನಡುವೆ ಬಿಟ್ಟು ಹೋಗುವುದು ಮಾತು ತಪ್ಪಿದಂತೆ ಎಂದು ನೀವು ಹೇಳುತ್ತೀರಿ. ಒಳ್ಳೆಯ ಗುಣ. ಹಾಗಾದರೆ ಸೇರುವ ಮೊದಲೇ ಅವರಿಗೆ ಹೇಳಿಬಿಡಿ: ಇಷ್ಟು ಹೊತ್ತಿಗೆ ನನಗೆ ಇನ್ನೊಂದು ಕಡೆ ಕೊಟ್ಟ ಮಾತಿದೆ, ಅದು ನಿಮಗೆ ಕೊಟ್ಟದ್ದಕ್ಕಿಂತ ಹಳೆಯದು. ದುಬೈಯ ಗೆಳೆಯನೂ ಆಗ ಎದ್ದು ವುಝೂ ಮಾಡಿದರೆ ನಿಮ್ಮ ಗೆಳೆತನ ಪರಲೋಕದಲ್ಲೂ ಕೆಲಸಕ್ಕೆ ಬಂದೀತು.

ವಾರ ಪೂರ್ತಿ ಏಳಲು ಸಾಧ್ಯವಾಯಿತೇ? ಹಾಗಾದರೆ ಆಟ ನಿಮ್ಮ ಕೈಯಲ್ಲಿದೆ. ಅದರಲ್ಲಿ ಜೂಜು, ಅಶ್ಲೀಲ, ಬೈಗುಳಗಳಿಲ್ಲದಂತೆ ನೋಡಿಕೊಂಡು ಬಿಡುವಿನಲ್ಲಿ ಸ್ವಲ್ಪ ಆಡಿದರೆ ನಿಮ್ಮನ್ನು ಗದರಿಸಲು ನಾನು ಬರುವುದಿಲ್ಲ. ಏಳಲು ಸಾಧ್ಯವಾಗಲಿಲ್ಲವೇ? ಹಾಗಾದರೆ ನೀವು ಆಟದ ಕೈಯಲ್ಲಿದ್ದೀರಿ. ಅದನ್ನು ಬಿಟ್ಟುಬಿಡಿ. ಸ್ವಲ್ಪ ಸ್ವಲ್ಪವೆಂದು ಚೌಕಾಸಿ ಮಾಡುವ ಹಂತ ಅಲ್ಲಿಗೆ ದಾಟಿ ಹೋಗಿದೆ.

ಪ್ರಿಯ ಓದುಗರೇ, ನಮಗೆಲ್ಲರಿಗೂ ಒಂದು ಕರೆ ಬರಲಿದೆ. ಅದು ಬಂದಾಗ ‘ಇದು ಮುಗಿಯಲಿ’ ಎನ್ನುವ ಅವಕಾಶ ಯಾರಿಗೂ ಸಿಗದು. ಆ ದೊಡ್ಡ ಕರೆಗೆ ಸಿದ್ಧರಾಗಲೆಂದೇ ದಿನಕ್ಕೆ ಐದು ಬಾರಿ ನಮ್ಮನ್ನು ಕರೆದು ಏಳುವುದನ್ನು ಕಲಿಸಲಾಗುತ್ತಿದೆ. ಯೌವನವನ್ನು ಎಲ್ಲಿ ಸವೆಸಿದೆ, ಆಯುಸ್ಸನ್ನು ಎಲ್ಲಿ ಕಳೆದೆ ಎಂದು ಪ್ರಶ್ನಿಸಲಾಗುವ ದಿನ ನಮ್ಮ ಮಕ್ಕಳ ನಾಲಿಗೆ ತೊದಲದಿರಲಿ. ಅಲ್ಲಾಹನು ನಮ್ಮ ಬಿಡುವಿನಲ್ಲಿ ಬರಕತ್ ನೀಡಲಿ. ನಮ್ಮ ಮನೆಗಳಲ್ಲಿ ಕರೆದವರಿಗೆ ಓಗೊಡುವ ಮಕ್ಕಳನ್ನು ಉಳಿಸಲಿ. ಮಕ್ಕಳನ್ನು ಕಳಕೊಂಡ ತಾಯಂದಿರ ಹೃದಯಗಳಿಗೆ ಸಾಂತ್ವನ ನೀಡಲಿ. ಆಮೀನ್.